ನಿಮಗಿದು ಗೊತ್ತೇ? ಕೋಳಿಮರಿಯ ಕಾಲು, ಕೋಳಿಮರಿಯ ರೆಕ್ಕೆ

ಕೋಳಿಯ ಮಂಡಿ ಹಿಂದಕ್ಕೆ ಬಾಗುತ್ತದೆ ಎಂದುಕೊಂಡಿದ್ದೀರಾ? ಹಿಂದಕ್ಕೆ ಬಾಗುವ ಆ ಗಂಟು ಮಂಡಿಯೇ ಅಲ್ಲ. ಅದು ನಮ್ಮ ಪಾದದ ಕೀಲಿಗೆ, ಅಂದರೆ ಹಿಮ್ಮಡಿಯ ಗಂಟಿಗೆ ಸಮ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಮಗ್ಗುಲಲ್ಲಿ, ಪುಕ್ಕದೊಳಗೆ ಅಡಗಿ ಕೂತಿದೆ. ಅದು ನಮ್ಮದರಂತೆ ಮುಂದಕ್ಕೇ ಬಾಗುತ್ತದೆ. ಕೋಳಿ ಹುಟ್ಟಿದಂದಿನಿಂದ ಸಾಯುವ ತನಕ ಬೆರಳ ಮೇಲೇ ನಡೆಯುವ ಪ್ರಾಣಿ. ಹಿಮ್ಮಡಿಯ ಆ ಗಂಟನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಮರಿ ಎದ್ದು ನಿಲ್ಲದಿದ್ದರೆ ಕೋಳಿ ಸಾಕುವವರು ಹೇಳುವುದು ಒಂದೇ ಮಾತು: "ಕಾಲು ಹೋಗಿದೆ." ಆದರೆ ಕಾಲು ಹೋಗುವುದರಲ್ಲಿ ಹತ್ತಾರು ಬಗೆಯಿದೆ. ಕಾಲು ಯಾವ ಕಡೆಗೆ ತಿರುಗಿದೆ, ಬೆರಳು ಒಳಕ್ಕೆ ಮಡಚಿದೆಯೋ ಪಕ್ಕಕ್ಕೆ ಸೊಟ್ಟಗಾಗಿದೆಯೋ, ಮರಿಗೆ ಎಷ್ಟು ದಿನವಾಗಿದೆ, ಈ ಮೂರನ್ನು ನೋಡಿದರೆ ತಪ್ಪು ನೆಲದಲ್ಲೋ, ಮೇವಿನ ಚೀಲದಲ್ಲೋ, ಹ್ಯಾಚರಿಯಲ್ಲೋ, ಮೊಟ್ಟೆಯಿಟ್ಟ ಹೇಂಟೆಯ ಆಹಾರದಲ್ಲೋ ಎಂದು ಸುಮಾರಾಗಿ ಹೇಳಬಹುದು. ಮರಿಯನ್ನೇ ದೂರಬೇಕಾದ ಸಂದರ್ಭ ಅಪರೂಪ.

ಮೊದಲು ನೆಲ. ಹೊಸದಾಗಿ ಹೊರಬಂದ ಮರಿಗೆ ಎರಡು ಕಾಲನ್ನೂ ದೇಹದಡಿಗೆ ಎಳೆದು ಹಿಡಿದುಕೊಳ್ಳುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ನುಣುಪಾದ ದಿನಪತ್ರಿಕೆಯ ಮೇಲೋ ಪ್ಲಾಸ್ಟಿಕ್ ಟ್ರೇಯಲ್ಲೋ ಬಿಟ್ಟರೆ ಒಂದು ಕಾಲು ಆಚೆಗೆ, ಇನ್ನೊಂದು ಈಚೆಗೆ ಜಾರುತ್ತದೆ, ಹೊಟ್ಟೆ ನೆಲಕ್ಕೆ ತಾಗುತ್ತದೆ. ಹಾಗೇ ಬಿಟ್ಟರೆ ಕಾಲು ಆ ಭಂಗಿಯಲ್ಲೇ ಬಲಿಯುತ್ತದೆ. ಮರಿಗಳಿಗೆ ಬಲ್ಬಿನ ಕಾವು ಕೊಡುವ ಬ್ರೂಡರಿನಲ್ಲಿ ಮೇವು ಕಾಣಲಿ ಎಂದು ಹೊಟ್ಟಿನ ಮೇಲೆ ಪೇಪರ್ ಹಾಸುವ ಪದ್ಧತಿ ನಮ್ಮಲ್ಲಿ ಎಲ್ಲೆಡೆ ಇದೆ. ಹಾಸುವುದೇ ಆದರೆ ಒರಟು ಮೈಯ ಕಾಗದ ಹಾಸಿ, ಬೇಗ ತೆಗೆದುಬಿಡಿ. ಭತ್ತದ ಹೊಟ್ಟು, ಶೇಂಗಾ ಸಿಪ್ಪೆ, ಹಳೆಯ ಗೋಣಿತಾಟು, ಇವೆಲ್ಲ ಬೆರಳಿಗೆ ಹಿಡಿತ ಕೊಡುತ್ತವೆ.

ಇದಕ್ಕೆ ಚಿಕಿತ್ಸೆಯೂ ಉಂಟು, ಅದು ಮೆಡಿಕಲ್ ಸ್ಟೋರಿನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಬ್ಯಾಂಡೇಡ್ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಎರಡು ಕಾಲಿಗೂ ಸಡಿಲವಾಗಿ ಸುತ್ತಿ, ಮರಿ ಸಹಜವಾಗಿ ನಿಂತಾಗ ಇರುವಷ್ಟೇ ಅಂತರ ಬಿಟ್ಟು ಅಂಟಿಸುವುದು. ಮೊದಲ ಗಂಟೆ ಮರಿ ಮುಗ್ಗರಿಸುತ್ತದೆ, ಬೀಳುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಮೊದಲೆರಡು ದಿನದಲ್ಲೇ ಕಟ್ಟಿದರೆ ಸಾಮಾನ್ಯವಾಗಿ ನಾಲ್ಕೈದು ದಿನದಲ್ಲಿ ನೆಟ್ಟಗಾಗುತ್ತದೆ. ವಾರ ಕಳೆದ ಮೇಲೆ ಕಟ್ಟಿದರೆ ಫಲ ಕಡಿಮೆ. ನೀರಿನ ತಟ್ಟೆ ಆಳವಿರಬಾರದು, ಕಾಲು ಕಟ್ಟಿದ ಮರಿ ಬೊಗಸೆ ನೀರಲ್ಲೂ ಮುಳುಗೀತು.

ಎರಡನೆಯದು ಮೊಟ್ಟೆ ಮತ್ತು ಹ್ಯಾಚರಿ. ಹೊರಬರುವ ಹೊತ್ತಿಗೆ ಮರಿ ಮೊಟ್ಟೆಯೊಳಗೆ ತಲೆಯನ್ನು ಬಲ ರೆಕ್ಕೆಯಡಿ ಇಟ್ಟುಕೊಂಡಿರುತ್ತದೆ. ಎಡ ರೆಕ್ಕೆಯಡಿ ಇಟ್ಟುಕೊಂಡರೆ ಅದು ತಪ್ಪು ಭಂಗಿ, ಹೊರಬರುವುದು ಕಷ್ಟ.

ಹಿಮ್ಮಡಿ ಗಂಟು ಕೆಂಪಾಗಿರುವ ಒಂದು ದಿನದ ಮರಿ ಹ್ಯಾಚರಿಯಿಂದ ಬಂದರೆ ಅದು ಚಿಪ್ಪಿನೊಳಗೆ ಬಹಳ ಹೊತ್ತು ಒದ್ದಾಡಿ ಹೊರಬಂದಿದೆ ಎಂದರ್ಥ. ಮರಿ ಕೊಳ್ಳುವಾಗ ಇನ್ನೊಂದು ಪರೀಕ್ಷೆ ಮಾಡಬಹುದು. ಅಂಗಾತ ಮಲಗಿಸಿ ಕೈಬಿಡಿ. ಗಟ್ಟಿ ಮರಿ ಮೂರು ಸೆಕೆಂಡಿನೊಳಗೆ ಮಗುಚಿ ನಿಲ್ಲುತ್ತದೆ. ಹ್ಯಾಚರಿಗಳೇ ಮರಿಗಳ ಗುಣಮಟ್ಟ ಅಳೆಯಲು ಬಳಸುವ ಪರೀಕ್ಷೆ ಇದು, ಕೊಳ್ಳುವವರು ಮಾಡಿದರೆ ಯಾರೂ ಬೇಸರಿಸಿಕೊಳ್ಳಬೇಕಿಲ್ಲ.

ಮೊಟ್ಟೆಯೊಳಗೆ ಕಾಲು ಆಡಿಸದ ಮರಿಯ ಕೀಲು ಬೆಸೆದುಹೋಗುತ್ತದೆ ಎಂಬುದು ಗೊತ್ತೇ? 1962ರಲ್ಲಿ ಡ್ರಾಕ್‌ಮನ್ ಮತ್ತು ಕೂಲೋಂಬರ್ ಎಂಬ ಇಬ್ಬರು ಸಂಶೋಧಕರು ಬೆಳೆಯುತ್ತಿರುವ ಮೊಟ್ಟೆಗಳಿಗೆ ಕ್ಯುರಾರೆ ಸೇರಿಸಿದರು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ವಿಷ ಅದು, ಸ್ನಾಯುಗಳನ್ನು ಅಲುಗಾಡದಂತೆ ಮಾಡುತ್ತದೆ. ಒಂದೆರಡು ದಿನದ ನಿಶ್ಚಲತೆಯೇ ಸಾಕಾಯಿತು, ಮರಿಗಳ ಪಾದ ಒಳಕ್ಕೆ ತಿರುಚಿಕೊಂಡಿತ್ತು, ಕೀಲುಗಳು ಬಿಗಿದಿದ್ದವು. ಕೆಲವು ಶಿಶುಗಳು ಸೊಟ್ಟ ಪಾದದೊಂದಿಗೆ ಯಾಕೆ ಹುಟ್ಟುತ್ತವೆ ಎಂಬ ಪ್ರಶ್ನೆಗೆ ವೈದ್ಯಲೋಕಕ್ಕೆ ಒಂದು ಸುಳಿವು ಸಿಕ್ಕಿದ್ದು ಹೀಗೆ.

ಹೊರಬಂದ ಮರಿಯ ಮೂಳೆಯಲ್ಲಿರುವ ಕ್ಯಾಲ್ಸಿಯಂನ ಐದರಲ್ಲಿ ನಾಲ್ಕು ಪಾಲು ಬಂದದ್ದು ಚಿಪ್ಪಿನಿಂದ! ಚಿಪ್ಪನ್ನು ಒಳಗಿನಿಂದ ಕರಗಿಸಿಕೊಂಡೇ ಅದು ಕಾಲು ಕಟ್ಟಿಕೊಳ್ಳುತ್ತದೆ. 2014ರಲ್ಲಿ ಜಪಾನಿನ ತಹಾರಾ ಮತ್ತು ಒಬಾರಾ ಎಂಬವರು ಚಿಪ್ಪೇ ಇಲ್ಲದೆ, ಪ್ಲಾಸ್ಟಿಕ್ ಲೋಟದಲ್ಲಿ, ಮರಿ ಮಾಡಿ ತೋರಿಸಿದರು. ಹೊರಗಿನಿಂದ ಕ್ಯಾಲ್ಸಿಯಂ ಲ್ಯಾಕ್ಟೇಟ್ ಸೇರಿಸಿ, ಆಮ್ಲಜನಕ ಹಾಯಿಸಿದ್ದರಿಂದಲೇ ಅದು ಸಾಧ್ಯವಾಯಿತು.

ಇನ್ನು ಮೇವಿನ ಚೀಲಕ್ಕೆ ಬರೋಣ. ಕತೆಗಳು ತುಂಬಿರುವುದು ಇಲ್ಲೇ.

ಎರಡು ಮೂರು ವಾರದ ಮರಿ ಹಿಮ್ಮಡಿಯ ಮೇಲೆ ಕುಕ್ಕರಿಸಿ, ಬೆರಳನ್ನೆಲ್ಲ ಮುಷ್ಟಿ ಹಿಡಿದಂತೆ ಒಳಕ್ಕೆ ಮಡಚಿ, ರೆಕ್ಕೆಯ ಆಸರೆಯಲ್ಲಿ ಕುಪ್ಪಳಿಸುತ್ತಿದ್ದರೆ ಅದು ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2 ಕೊರತೆ. ತೊಡೆಯ ದೊಡ್ಡ ನರ ಊದಿ ಎಷ್ಟೋ ಪಟ್ಟು ದಪ್ಪವಾಗಿರುತ್ತದೆ. ಮರಿ ಚುರುಕಾಗಿಯೇ ಇರುತ್ತದೆ, ಕಣ್ಣು ಹೊಳೆಯುತ್ತಿರುತ್ತದೆ, ಮೇವಿನ ಹತ್ತಿರ ಹೋಗಲಾಗದೆ ಸೊರಗುತ್ತದೆ. ಒಂದು ಕಿಲೋ ಮೇವಿಗೆ ಬೇಕಾದ ರೈಬೋಫ್ಲೇವಿನ್ 4 ಮಿಲಿಗ್ರಾಂಗಿಂತಲೂ ಕಡಿಮೆ. ಆದರೆ ಜೋಳ, ಅಕ್ಕಿ ನುಚ್ಚು, ಮೆಕ್ಕೆಜೋಳಗಳಲ್ಲಿ ಅಷ್ಟೂ ಇರುವುದಿಲ್ಲ. ಸೊಪ್ಪು, ಯೀಸ್ಟ್, ಹಾಲು, ಮಜ್ಜಿಗೆಗಳಲ್ಲಿ ಇದೆ. ಬೇಗ ಕಂಡುಹಿಡಿದು ನೀರಿನಲ್ಲಿ ಬಿ ವಿಟಮಿನ್ ಕೊಟ್ಟರೆ ಮರಿ ಕೆಲವೇ ದಿನದಲ್ಲಿ ಬೆರಳು ಬಿಡಿಸುತ್ತದೆ. ತಡವಾದರೆ ನರ ಕೆಟ್ಟು, ಮಡಚಿದ್ದು ಮಡಚಿದಂತೆಯೇ ಉಳಿಯುತ್ತದೆ.

ಬೆರಳು ಒಳಕ್ಕೆ ಮಡಚದೆ ಬರೀ ಪಕ್ಕಕ್ಕೆ ಸೊಟ್ಟಗಾಗಿದ್ದರೆ ವಿಟಮಿನ್ ಬಾಟಲಿಗೆ ಹಣ ಸುರಿಯಬೇಡಿ. ಅದು ವಂಶದಿಂದ ಬಂದಿರಬಹುದು, ಇನ್‌ಕ್ಯುಬೇಟರಿನ ಉಷ್ಣತೆ ಏರುಪೇರಾಗಿರಬಹುದು, ತಂತಿಯ ನೆಲದಿಂದಲೂ ಆಗಬಹುದು. ಅಂಥ ಮರಿ ಸೊಟ್ಟ ಬೆರಳಲ್ಲೇ ಚೆನ್ನಾಗಿ ಓಡಾಡಿಕೊಂಡು ಬದುಕುತ್ತದೆ. ಅದರಿಂದ ಮರಿ ಮಾಡಿಸದಿದ್ದರೆ ಆಯಿತು.

ಹಸಿ ಮೊಟ್ಟೆಯ ಬಿಳಿ ಭಾಗ ತುಸು ಹಸಿರು ಛಾಯೆ ತೋರುವುದನ್ನು ಗಮನಿಸಿದ್ದೀರಾ? ಅದು ರೈಬೋಫ್ಲೇವಿನ್ನಿನ ಬಣ್ಣ. ಹೇಂಟೆ ತನ್ನ ರಕ್ತದಿಂದ ಮೊಟ್ಟೆಗೆ ಈ ವಿಟಮಿನ್ನನ್ನು ಒಂದು ವಿಶೇಷ ಪ್ರೋಟೀನಿನ ಬೆನ್ನಿಗೇರಿಸಿ ಸಾಗಿಸುತ್ತದೆ. ಆ ಪ್ರೋಟೀನ್ ಮಾಡಲಾಗದ ಒಂದು ತಳಿಯ ಕೋಳಿಗಳಿವೆ. ಅವುಗಳ ಮೊಟ್ಟೆಯೊಳಗಿನ ಭ್ರೂಣ ಎರಡನೇ ವಾರ ದಾಟುವುದಿಲ್ಲ. ಈ ಪ್ರೋಟೀನಿನ ಬೆನ್ನು ಹತ್ತಿದವರಲ್ಲಿ ಪ್ರಮುಖರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಆರ್. ಅಡಿಗ. ಇಂಥದ್ದೇ ಪ್ರೋಟೀನ್ ಬಸುರಿ ಇಲಿಗಳಲ್ಲೂ ಇದೆ ಎಂದು ಅವರ ತಂಡ ತೋರಿಸಿತು. ಅದಕ್ಕೆ ತಡೆಯೊಡ್ಡಿದರೆ ಗರ್ಭ ನಿಲ್ಲುವುದಿಲ್ಲ ಎಂಬ ಅವರ ಪ್ರಬಂಧ 1982ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಮರಿಯ ಬೆರಳು ಮಡಚುವ ವಿಚಾರ ಆ ಸಂಸ್ಥೆಯ ಅಂಗಳಕ್ಕೂ ಬಂದುಹೋಗಿದೆ ಎಂಬುದು ನಮ್ಮ ಕೋಳಿ ಸಾಕಣೆಯ ಕೈಪಿಡಿಗಳಲ್ಲಿ ಎಲ್ಲಾದರೂ ಇದ್ದರೆ ಚೆನ್ನಾಗಿತ್ತು.

ವಿಟಮಿನ್ ಎಂಬುದೊಂದಿದೆ ಎಂಬ ಸುಳಿವು ಸಿಕ್ಕಿದ್ದೂ ಕಾಲು ಸೋತ ಕೋಳಿಗಳಿಂದಲೇ. 1890ರ ಆಸುಪಾಸು, ಡಚ್ಚರ ಆಳ್ವಿಕೆಯ ಬಟಾವಿಯಾ, ಅಂದರೆ ಇಂದಿನ ಜಕಾರ್ತಾ. ಬೆರಿಬೆರಿಯ ರೋಗಾಣು ಹುಡುಕುತ್ತಿದ್ದ ಕ್ರಿಸ್ಟಿಯಾನ್ ಐಕ್‌ಮನ್‌ನ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಕಾಲಿನ ಬಲ ಕಳೆದುಕೊಂಡು ಬೀಳತೊಡಗಿದವು. ಕೆಲವು ತಿಂಗಳ ನಂತರ ಅಷ್ಟೇ ಇದ್ದಕ್ಕಿದ್ದಂತೆ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವುಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ, ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿ ಅನ್ನವನ್ನು ಮಿಲಿಟರಿಗೆ ಸೇರದ ಕೋಳಿಗಳಿಗೆ ಕೊಡಲಾರೆ ಎಂದ. ಕೋಳಿಗಳು ಪಾಲಿಶ್ ಮಾಡದ ಅಕ್ಕಿಗೆ ಮರಳಿದವು, ಎದ್ದು ನಿಂತವು. ಅನ್ನದಲ್ಲಿ ಏನೋ ವಿಷವಿದೆ ಎಂದೇ ಐಕ್‌ಮನ್ ಮೊದಲು ತಿಳಿದಿದ್ದ. ವಿಷವಿರುವುದಲ್ಲ, ಅಕ್ಕಿಯ ಹೊರಪದರದಲ್ಲಿದ್ದ ಯಾವುದೋ ಸತ್ವ ಕಳೆದುಹೋಗಿದೆ ಎಂದು 1901ರಲ್ಲಿ ಸರಿಯಾಗಿ ಗುರುತಿಸಿದವನು ಅವನ ಉತ್ತರಾಧಿಕಾರಿ ಗೆರಿಟ್ ಗ್ರೈನ್ಸ್. ಆ ಸತ್ವ ವಿಟಮಿನ್ ಬಿ1. 1929ರ ನೊಬೆಲ್ ಐಕ್‌ಮನ್ ಮತ್ತು ಹಾಪ್ಕಿನ್ಸ್ ಎಂಬ ಇನ್ನೊಬ್ಬ ವಿಜ್ಞಾನಿಯ ಪಾಲಾಯಿತು. ಗ್ರೈನ್ಸ್‌ಗೆ ಸಿಗಲಿಲ್ಲ, ಅಡುಗೆಯವನ ಹೆಸರಂತೂ ಯಾರೂ ಬರೆದಿಡಲಿಲ್ಲ.

ಬಿ1 ಕೊರತೆಯಾದ ಮರಿ ತಲೆಯನ್ನು ಬೆನ್ನಿನ ಮೇಲಕ್ಕೆ ಬಾಗಿಸಿ ಆಕಾಶ ನೋಡುತ್ತದೆ. ಬಿ2 ಕೊರತೆಯಾದದ್ದು ಬೆರಳು ಮಡಚುತ್ತದೆ. ಗುರುತು ಬೇರೆ ಬೇರೆ.

ನೂರು ವರ್ಷದ ಹಿಂದೆ ಚಳಿದೇಶಗಳಲ್ಲಿ ಚಳಿಗಾಲದ ಮರಿ ಸಾಕುವುದೇ ಆಗದ ಮಾತಾಗಿತ್ತು. ಒಳಗಿಟ್ಟು ಸಾಕಿದರೆ ಕಾಲಿನ ಮೂಳೆ ಮೆತ್ತಗಾಗಿ ಬಾಗುತ್ತಿತ್ತು, ಕೊಕ್ಕು ರಬ್ಬರಿನಂತೆ ಮಣಿಯುತ್ತಿತ್ತು. ಇದು ರಿಕೆಟ್ಸ್, ಕಾರಣ ವಿಟಮಿನ್ ಡಿ ಇಲ್ಲದಿರುವುದು. 1920ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಮತ್ತು ಸಂಗಡಿಗರು ಬಿಸಿಲು, ಇಲ್ಲವೇ ಕಾಡ್ ಮೀನಿನ ಎಣ್ಣೆ, ಎರಡರಲ್ಲಿ ಒಂದು ಸಿಕ್ಕರೂ ಮರಿಯ ಕಾಲು ಉಳಿಯುತ್ತದೆ ಎಂದು ತೋರಿಸಿದರು. ವರ್ಷವಿಡೀ ಒಳಾಂಗಣದಲ್ಲಿ ಸಾವಿರಗಟ್ಟಲೆ ಮರಿ ಸಾಕುವ ಉದ್ಯಮಕ್ಕೆ ಬಾಗಿಲು ತೆರೆದದ್ದೇ ಆಗ. ಡೆಲಾವೇರ್‌ನ ಸೆಸಿಲ್ ಸ್ಟೀಲ್ ಎಂಬ ಗೃಹಿಣಿ 1923ರಲ್ಲಿ 50 ಮರಿ ಕೇಳಿದಾಗ ಹ್ಯಾಚರಿಯವರು ತಪ್ಪಿ 500 ಕಳಿಸಿದರಂತೆ. ಆಕೆ ಹಿಂತಿರುಗಿಸದೆ ಮಾಂಸಕ್ಕೆಂದೇ ಸಾಕಿದಳು. ಅಮೆರಿಕದ ಬ್ರಾಯ್ಲರ್ ಉದ್ಯಮದ ಚರಿತ್ರೆ ಶುರುವಾಗುವುದು ಆ ತಪ್ಪಿನಿಂದ.

ಕೋಳಿಯ ಮೈ ಪುಕ್ಕದಿಂದ ಮುಚ್ಚಿದೆ, ಹಾಗಾದರೆ ಬಿಸಿಲು ಎಲ್ಲಿ ತಾಗಬೇಕು? ಕಾಲಿಗೆ! ವಿಟಮಿನ್ ಡಿ ಆಗಬಲ್ಲ ಮೂಲವಸ್ತು ಕೋಳಿಯ ಬೆನ್ನಿನ ಚರ್ಮಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಅದರ ಬೋಳು ಕಾಲು ಮತ್ತು ಪಾದದ ಚರ್ಮದಲ್ಲಿದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಮಾತ್ರ ಪ್ರಯೋಜನಕ್ಕಿಲ್ಲ, ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ.

ಮರಿಗೆ ಬಿಸಿಲು ಬೇಕು, ಮೇವಿನ ಚೀಲಕ್ಕೆ ನೆರಳು ಬೇಕು. ಡಿ ವಿಟಮಿನ್ ಹುಟ್ಟಿಸುವ ಬಿಸಿಲೇ ಬಿ2 ವಿಟಮಿನ್ನನ್ನು ಕೊಲ್ಲುತ್ತದೆ.

ಕೋಳಿಮೇವಿನ ವಿಟಮಿನ್ ಪೊಟ್ಟಣದ ಮೇಲೆ ಡಿ3 ಪಕ್ಕ 'ಐಸಿಯು' ಎಂದು ಬರೆದಿದ್ದರೆ ಗಾಬರಿಯಾಗಬೇಡಿ, ಆಸ್ಪತ್ರೆಗೂ ಅದಕ್ಕೂ ಸಂಬಂಧವಿಲ್ಲ. 'ಇಂಟರ್‌ನ್ಯಾಷನಲ್ ಚಿಕ್ ಯೂನಿಟ್' ಎಂಬುದರ ಮೊದಲಕ್ಷರಗಳು ಅವು. ಇಲಿಗೆ ಡಿ2, ಡಿ3 ಎರಡೂ ಒಂದೇ. ಕೋಳಿಮರಿಗೆ ಮಾತ್ರ ಡಿ2 ಹೆಚ್ಚುಕಡಿಮೆ ನಿರುಪಯೋಗಿ. ಹಾಗಾಗಿ ಮರಿಯ ಕಾಲುಮೂಳೆಯನ್ನು ಸುಟ್ಟು, ಉಳಿದ ಬೂದಿಯ ಪ್ರಮಾಣ ನೋಡಿ ವಿಟಮಿನ್ನಿನ ಬಲ ಅಳೆಯುತ್ತಿದ್ದರು.

"ರಾಗಿ ಹಾಕಿದರೆ ಮೂಳೆ ಗಟ್ಟಿ" ಎಂಬುದು ಮರಿಗಳ ಮಟ್ಟಿಗೆ ಮೂರನೇ ಒಂದು ಪಾಲು ಸತ್ಯ. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ. ಧಾನ್ಯಗಳಲ್ಲಿ ಅದೇ ಮೇಲು, ಅದರ ಬಗ್ಗೆ ತಕರಾರಿಲ್ಲ. ಬೆಳೆಯುವ ಮರಿಯ ಮೇವಿನಲ್ಲಿ ಇರಬೇಕಾದದ್ದು ನೂರು ಗ್ರಾಂಗೆ ಸುಮಾರು 1000 ಮಿಲಿಗ್ರಾಂ. ಜೊತೆಗೆ, ಧಾನ್ಯಗಳಲ್ಲಿರುವ ರಂಜಕದ ಹೆಚ್ಚಿನ ಪಾಲು ಫೈಟೇಟ್ ರೂಪದಲ್ಲಿ ಬಂಧಿಯಾಗಿದ್ದು ಮರಿಗೆ ದಕ್ಕುವುದಿಲ್ಲ. ರಾಗಿ ಹಾಕಿ, ಅದನ್ನೇ ನಂಬಬೇಡಿ.

ಹಾಗಂತ ಮೊಟ್ಟೆಕೋಳಿಯ ಮೇವನ್ನು ಮರಿಗೆ ಸುರಿಯುವುದೂ ಸಲ್ಲ. ಅದರಲ್ಲಿ ಕ್ಯಾಲ್ಸಿಯಂ 3.5ರಿಂದ 4 ಶೇಕಡಾ ಇರುತ್ತದೆ. ಚಿಪ್ಪು ಕಟ್ಟುವ ಹೇಂಟೆಗೆ ಅದು ಸರಿ, ಮರಿಯ ಮೂತ್ರಪಿಂಡವನ್ನು ಅದು ಕೆಡಿಸುತ್ತದೆ.

ಹಿಮ್ಮಡಿ ಗಂಟು ಊದಿ, ಅಲ್ಲಿಂದ ಕೆಳಗಿನ ಕಾಲು ಹೊರಕ್ಕೆ ತಿರುಗಿಬಿಟ್ಟಿದೆಯೇ? ಗಂಟಿನ ಹಿಂದಿನ ತೋಡಿನಲ್ಲಿ ಕೂರಬೇಕಾದ ಸ್ನಾಯುರಜ್ಜು ಪಕ್ಕಕ್ಕೆ ಜಾರಿದೆ. ಈ ರೋಗ ಬಹಳ ಕಾಲ ಒಗಟಾಗಿತ್ತು. ಮೂಳೆಗೆ ಒಳ್ಳೆಯದೆಂದು ಮೂಳೆಪುಡಿ ಸೇರಿಸಿದಷ್ಟೂ ಹೆಚ್ಚುತ್ತಿತ್ತು! 1936ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿಲ್‌ಗಸ್, ನಾರಿಸ್ ಮತ್ತು ಹ್ಯೂಸರ್ ಗುಟ್ಟು ಒಡೆದರು: ಕೊರತೆಯಿದ್ದದ್ದು ಮ್ಯಾಂಗನೀಸ್. ಮೇವಿನಲ್ಲಿ ಕ್ಯಾಲ್ಸಿಯಂ, ರಂಜಕ ಅತಿಯಾದರೆ ಇದ್ದ ಚೂರುಪಾರು ಮ್ಯಾಂಗನೀಸನ್ನೂ ಅವು ಮರಿಗೆ ದಕ್ಕದಂತೆ ಮಾಡುತ್ತವೆ. ಒಂದು ಕಿಲೋ ಮೇವಿಗೆ ಸುಮಾರು 60 ಮಿಲಿಗ್ರಾಂ ಸಾಕು. ಕೋಲೀನ್, ಬಯೋಟಿನ್, ಫೋಲಿಕ್ ಆಮ್ಲ ಕಡಿಮೆಯಾದರೂ ಇದೇ ಸ್ಥಿತಿ ಬರಬಹುದು. ಪೂರ್ತಿ ಜಾರಿದ ಮೇಲೆ ಆ ಮರಿಗೆ ಮಾಡುವಂಥದ್ದು ಹೆಚ್ಚೇನಿಲ್ಲ, ಉಳಿದವುಗಳ ಮೇವು ಸರಿಪಡಿಸಬಹುದು ಅಷ್ಟೇ. ಬಾತುಮರಿಯಲ್ಲಿ ಕಾಲು ಬಾಗಿದರೆ ಮೊದಲು ಅನುಮಾನಿಸಬೇಕಾದದ್ದು ನಿಯಾಸಿನ್. ಕೋಳಿಮರಿಗಿಂತ ಅದಕ್ಕೆ ಇದು ಹೆಚ್ಚು ಬೇಕು.

ಬಿತ್ತಿ ಮಿಕ್ಕ ಮೆಕ್ಕೆಜೋಳದ ಬೀಜಕ್ಕೆ ಬಣ್ಣ ಹಚ್ಚಿದೆಯೇ? ಕೋಳಿಗೆ ಹಾಕಬೇಡಿ. ಬೀಜೋಪಚಾರಕ್ಕೆ ಬಳಸುವ ಥೈರಮ್ ಎಂಬ ಶಿಲೀಂಧ್ರನಾಶಕ ಮರಿಯ ಕಾಲುಮೂಳೆ ಬೆಳೆಯುವ ತುದಿಯನ್ನೇ ಕೆಡಿಸುತ್ತದೆ. ಎಷ್ಟು ಖಚಿತವಾಗಿ ಎಂದರೆ, ಈ ಕಾಲುಮೂಳೆ ರೋಗದ ಅಧ್ಯಯನಕ್ಕೆ ರೋಗಪೀಡಿತ ಮರಿಗಳು ಬೇಕಾದಾಗ ವಿಜ್ಞಾನಿಗಳು ಮೇವಿಗೆ ಒಂದಿಷ್ಟು ಥೈರಮ್ಮನ್ನೇ ಬೆರೆಸುತ್ತಾರೆ. ಮಳೆಗೆ ನೆನೆದು ಫ್ಯುಸೇರಿಯಂ ಬೂಷ್ಟು ಹಿಡಿದ ಕಾಳಿಗೂ ಇದೇ ಗುಣವಿದೆ.

ಮೂಳೆಯ ಮೇಲ್ತುದಿಯಲ್ಲಿ ಮೃದ್ವಸ್ಥಿ ಮೂಳೆಯಾಗಿ ಬಲಿಯದೆ, ರಕ್ತನಾಳ ಹಾಯದೆ, ಗಡ್ಡೆಯಾಗಿ ಉಳಿಯುವ ಈ ತೊಂದರೆಯನ್ನು ಮೊದಲು ವಿವರಿಸಿದ್ದು 1965ರಲ್ಲಿ. ವೇಗವಾಗಿ ಬೆಳೆಯುವ ಬ್ರಾಯ್ಲರ್‌ಗಳನ್ನು ಹೆಚ್ಚಾಗಿ ಕಾಡುವುದು ಇದೇ. ವೇಗ ಎಂದರೆ ಎಷ್ಟು? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 1978ರ ತಳಿ, 2005ರ ತಳಿ ಮೂರನ್ನೂ ಒಂದೇ ಮೇವು ಹಾಕಿ ಒಟ್ಟಿಗೆ ಸಾಕಿದರು. 56ನೇ ದಿನ ಅವುಗಳ ಸರಾಸರಿ ತೂಕ ಕ್ರಮವಾಗಿ 905 ಗ್ರಾಂ, 1808 ಗ್ರಾಂ, 4202 ಗ್ರಾಂ. ಹಾರ್ಮೋನ್ ಇಂಜೆಕ್ಷನ್ ಚುಚ್ಚುತ್ತಾರಂತೆ ಎಂಬ ವದಂತಿಗೆ ಇಲ್ಲಿ ಉತ್ತರವಿದೆ: ಇಂಜೆಕ್ಷನ್ ಇಲ್ಲ, ಇದೆಲ್ಲ ತಳಿ ಆಯ್ಕೆಯ ಕರಾಮತ್ತು. ಎದೆಯ ಮಾಂಸ ಬೆಳೆದಂತೆ ದೇಹದ ಭಾರ ಮುಂದಕ್ಕೆ ಸರಿಯುತ್ತದೆ, ಕೋಳಿ ಕಾಲು ಅಗಲಿಸಿ ತೂರಾಡುತ್ತಾ ನಡೆಯುತ್ತದೆ. ವದಂತಿಗಿಂತ ನಿಜವೇ ನನಗೆ ಹೆಚ್ಚು ಕಳವಳದ್ದಾಗಿ ಕಾಣುತ್ತದೆ. ಇಂಜೆಕ್ಷನ್ ಆಗಿದ್ದರೆ ನಿಲ್ಲಿಸಬಹುದಿತ್ತು.

ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಕೋಳಿಯ ನಡಿಗೆಗೆ ಅಂಕ ಕೊಡುವ ಪದ್ಧತಿ ಹುಟ್ಟಿತು, 1992ರಲ್ಲಿ. ಸೊನ್ನೆ ಎಂದರೆ ಚೆಂದದ ನಡಿಗೆ, ಐದು ಎಂದರೆ ನಡೆಯಲಾಗದು. ಹೆಚ್ಚು ಅಂಕ ಬಂದರೆ ದುಃಖಪಡಬೇಕಾದ ಪರೀಕ್ಷೆ ಇದು. ಅಲ್ಲಿನವರೇ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 51,000 ಬ್ರಾಯ್ಲರ್‌ಗಳ ನಡಿಗೆ ನೋಡಿದರು. ಸುಮಾರು 40 ದಿನದ ಹೊತ್ತಿಗೆ ಶೇ. 27.6ರಷ್ಟಕ್ಕೆ ನಡಿಗೆ ಕೆಟ್ಟಿತ್ತು, ಶೇ. 3.3ರಷ್ಟು ನಡೆಯಲಾರದ ಸ್ಥಿತಿಯಲ್ಲಿದ್ದವು.

ಕುಂಟುವ ಕೋಳಿಗೆ ನೋವಾಗುತ್ತದೆಯೇ? 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೋಳಿಯನ್ನೇ ಕೇಳಿದರು. ಎರಡು ಬಣ್ಣದ ಮೇವು ಇಟ್ಟರು, ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವುನಿವಾರಕ ಬೆರೆತಿತ್ತು. ಕುಂಟುವ ಕೋಳಿಗಳು ಔಷಧ ಬೆರೆತ ಮೇವನ್ನು ಹೆಚ್ಚು ತಿಂದವು. ಕುಂಟು ಹೆಚ್ಚಿದ್ದಷ್ಟೂ ಔಷಧದ ಮೇವು ಹೆಚ್ಚು ಖರ್ಚಾಯಿತು.

ಶೆಡ್ಡಿನಲ್ಲಿ ರಾತ್ರಿಯಿಡೀ ದೀಪ ಉರಿಸಿದರೆ ಮರಿ ಹೆಚ್ಚು ತಿನ್ನುತ್ತದೆ, ಬೇಗ ತೂಗುತ್ತದೆ, ಕಾಲು ಕೆಡುತ್ತದೆ. ದಿನಕ್ಕೆ ಕೆಲವು ಗಂಟೆ ಕತ್ತಲೆ ಕೊಟ್ಟರೆ ಕಾಲಿನ ತೊಂದರೆ ಇಳಿಯುತ್ತದೆ. ಖರ್ಚಿಲ್ಲದ ಔಷಧ, ಕರೆಂಟ್ ಬಿಲ್ಲೂ ಉಳಿತಾಯ.

ಹಿತ್ತಲ ಕೋಳಿಯ ಲೆಕ್ಕವೇ ಬೇರೆ. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ವನರಾಜ ತಳಿ ರೂಪಿಸುವಾಗ ಅದರ ಗಂಡು ಸಾಲನ್ನು ಆರು ವಾರದ ವಯಸ್ಸಿನ ಕಣಕಾಲಿನ ಉದ್ದ ನೋಡಿ ಆಯ್ದುಕೊಂಡಿತು. ನಾಯಿ, ಬೆಕ್ಕು, ಮುಂಗುಸಿ ಬಂದರೆ ಓಡಬೇಕಲ್ಲ!

ರೋಗಾಣುಗಳೂ ಕಾಲಿಗೇ ಬೀಳುತ್ತವೆ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದ ಎಳೆ ಕೋಳಿ ಕಂಡರೆ ಮಾರೆಕ್ಸ್ ರೋಗ ಎಂದು ಅನುಮಾನಿಸಬೇಕು. 1907ರಲ್ಲಿ ಬುಡಾಪೆಸ್ಟಿನ ಪಶುವೈದ್ಯ ಯೋಜೆಫ್ ಮಾರೆಕ್ ಕಾಲು ಸೋತ ನಾಲ್ಕು ಹುಂಜಗಳಲ್ಲಿ ಇದನ್ನು ವಿವರಿಸಿದ. ಇಲ್ಲೂ ಊದುವುದು ತೊಡೆಯ ಅದೇ ನರ. ಬಿ2 ಕೊರತೆ ಮೊದಲ ವಾರಗಳದ್ದು, ಇದು ಸಾಮಾನ್ಯವಾಗಿ ಆರು ವಾರ ದಾಟಿದ ಮೇಲಿನದ್ದು. ವೈರಸ್ ಹರಡುವುದು ಪುಕ್ಕದ ಹೊಟ್ಟಿನ ಧೂಳಿನಿಂದ. ಇದು ಗಡ್ಡೆಗಳನ್ನೂ ಬೆಳೆಸುವ ರೋಗ. 1970ರ ಹೊತ್ತಿಗೆ ಬಂದ ಇದರ ಲಸಿಕೆ ಕ್ಯಾನ್ಸರೊಂದನ್ನು ಯಶಸ್ವಿಯಾಗಿ ತಡೆದ ಮೊದಲ ಲಸಿಕೆ ಎನಿಸಿತು. ಅದು ಮನುಷ್ಯರಿಗಲ್ಲ, ಕೋಳಿಗೆ! ಹ್ಯಾಚರಿಯಲ್ಲೇ, ಮೊದಲ ದಿನವೇ ಹಾಕಿಸಬೇಕು.

ನಮ್ಮ ಹಳ್ಳಿಗಳ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬದುಕುಳಿದ ಕೋಳಿಯಲ್ಲೂ ಕಾಲು, ರೆಕ್ಕೆ ಸೋಲುವ, ಕತ್ತು ತಿರುಚುವ ಗುರುತು ಬಿಡುತ್ತದೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಾದ ರೋಗ ಅದರ ಬೆನ್ನಿಗೇ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲೂ ಕಂಡಿತು, ಭಾರತದಲ್ಲಿ ಆ ಊರಿನ ಹೆಸರೇ ನಿಂತಿತು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ, ಆರರಿಂದ ಎಂಟು ವಾರದಲ್ಲಿ ಚುಚ್ಚುಮದ್ದು. ಲಸಿಕೆ ನಮ್ಮ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ.

ಕೋಳಿಯ ಬೆನ್ನುಮೂಳೆ ಎರಡು ಬೆಸೆದ ತುಂಡು, ನಡುವೆ ಒಂದೇ ಒಂದು ಸಡಿಲ ಮೂಳೆ. ಎಂಟರೊಕಾಕಸ್ ಸೆಕೋರಮ್ ಎಂಬ ಬ್ಯಾಕ್ಟೀರಿಯ ಹುಡುಕಿಕೊಂಡು ಹೋಗಿ ಸೇರುವುದು ಆ ಮೂಳೆಯನ್ನೇ. ಆಗ ಕೋಳಿ ಬಾಲದ ಮೇಲೆ ಕೂತು, ಎರಡೂ ಪಾದ ಮೇಲಕ್ಕೆತ್ತಿಕೊಂಡಿರುತ್ತದೆ.

ಈಗ ರೆಕ್ಕೆ. ಎರಡೂ ರೆಕ್ಕೆ ಜೋತುಬಿಟ್ಟು ಬಾಯಿ ತೆರೆದು ನಿಂತ ಮರಿಗೆ ಸೆಕೆ, ಬ್ರೂಡರಿನ ಬಲ್ಬು ಮೇಲಕ್ಕೆತ್ತಿ. ರೆಕ್ಕೆ ಜೋತುಬಿಟ್ಟು ಮುದುಡಿ ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ, ಪಶುವೈದ್ಯರ ಬಳಿ ಓಡಿ. ರೆಕ್ಕೆಯ ಗರಿ ಅಡ್ಡಾದಿಡ್ಡಿ ನಿಮಿರಿ ನಿಂತು, ಮರಿ ಬೆಳೆಯದೇ ಉಳಿದರೆ ಅದಕ್ಕೆ 'ಹೆಲಿಕಾಪ್ಟರ್ ರೋಗ' ಎಂದೇ ಹೆಸರು. ತಿಂದದ್ದು ಮೈಗೆ ಹತ್ತದಂತೆ ಕರುಳು ಕೆಟ್ಟಿರುತ್ತದೆ.

ರೆಕ್ಕೆಯ ತುದಿ ಹೊರಕ್ಕೆ ತಿರುಚಿ ನಿಲ್ಲುವ 'ಏಂಜಲ್ ವಿಂಗ್' ಬಹುಮಟ್ಟಿಗೆ ಹೆಬ್ಬಾತು, ಬಾತುಗಳ ಕಾಯಿಲೆ, ಕೋಳಿಯಲ್ಲಿ ಅಪರೂಪ. ರಕ್ತ ತುಂಬಿದ ಎಳೆ ಗರಿಗಳು ಭಾರ, ಅವನ್ನು ಹೊರುವ ಮಣಿಕಟ್ಟು ಇನ್ನೂ ಎಳಸು. ಗರಿ ಬೆಳೆಯುತ್ತಿರುವಾಗಲೇ ರೆಕ್ಕೆ ಮಡಚಿ ಪಟ್ಟಿ ಸುತ್ತಿದರೆ ಕೆಲವೇ ದಿನದಲ್ಲಿ ಸರಿಹೋಗುತ್ತದೆ, ಬಲಿತ ಮೇಲೆ ಇಲ್ಲ. ಕೆರೆಯ ಬಾತುಗಳಿಗೆ ಬ್ರೆಡ್ ಹಾಕುವುದೇ ಕಾರಣ ಎನ್ನುತ್ತಾರೆ. ಅದಕ್ಕೆ ಪುರಾವೆ ತೆಳು, ಆದರೂ ಬ್ರೆಡ್ ಹಾಕದಿದ್ದರೆ ಬಾತಿಗೇನೂ ನಷ್ಟವಿಲ್ಲ.

ನಮ್ಮ ಕೈ ಹೇಗೆ ಬೆಳೆಯುತ್ತದೆ ಎಂಬುದರ ಪಾಠವನ್ನು ವಿಜ್ಞಾನ ಕಲಿತದ್ದು ಕೋಳಿಯ ರೆಕ್ಕೆಯಿಂದ. 1948ರಲ್ಲಿ ಜಾನ್ ಸಾಂಡರ್ಸ್ ಭ್ರೂಣದ ರೆಕ್ಕೆಮೊಗ್ಗಿನ ಅಂಚನ್ನು ಕತ್ತರಿಸಿದ, ಮರಿಗೆ ರೆಕ್ಕೆಯ ತುದಿಯೇ ಬರಲಿಲ್ಲ. ಮುಂದೆ ಅವನೇ ತೊಡೆಯಾಗಬೇಕಿದ್ದ ಚೂರನ್ನು ರೆಕ್ಕೆಮೊಗ್ಗಿನ ತುದಿಗೆ ಕಸಿ ಮಾಡಿದ. ಅಲ್ಲಿ ಬೆಳೆದದ್ದು ತೊಡೆಯೂ ಅಲ್ಲ, ರೆಕ್ಕೆಯೂ ಅಲ್ಲ, ಉಗುರಿರುವ ಕಾಲ್ಬೆರಳು! 1968ರಲ್ಲಿ ರೆಕ್ಕೆಮೊಗ್ಗಿನ ಹಿಂಭಾಗದ ಚೂರನ್ನು ಮುಂಭಾಗಕ್ಕೆ ಅಂಟಿಸಿದಾಗ ಕನ್ನಡಿಯ ಪ್ರತಿಬಿಂಬದಂತೆ ಜೋಡಿ ಬೆರಳುಗಳು ಬಂದವು. ಆ ಚೂರಿನಿಂದ ಹೊರಡುವ ಸಂದೇಶದ ಜೀನ್ 1993ರಲ್ಲಿ ಸಿಕ್ಕಿತು. ಅದಕ್ಕಿಟ್ಟ ಹೆಸರು ಸಾನಿಕ್ ಹೆಜ್‌ಹಾಗ್, ವಿಡಿಯೊ ಗೇಮಿನ ಅದೇ ಮುಳ್ಳಿನ ವೀರ.

ಬಸುರಿಯರ ವಾಕರಿಕೆಗೆ ಕೊಟ್ಟ ಥಾಲಿಡೊಮೈಡ್ ಮಾತ್ರೆ 1957ರಿಂದ 1961ರ ನಡುವೆ ಸಾವಿರಾರು ಶಿಶುಗಳ ಕೈಕಾಲು ಕಿತ್ತುಕೊಂಡಿತು. ಇಲಿಗಳಲ್ಲಿ ಅದರ ದುಷ್ಪರಿಣಾಮ ಕಂಡಿರಲಿಲ್ಲ. ಬೆಳೆಯುವ ಅಂಗದ ಎಳೆಯ ರಕ್ತನಾಳಗಳನ್ನು ಆ ಔಷಧ ಹಾಳುಮಾಡುತ್ತದೆ ಎಂಬುದನ್ನು 2009ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ತಂಡ ತೋರಿಸಿದ್ದು ಕೋಳಿಯ ಭ್ರೂಣದಲ್ಲಿ.

ಮುದ್ದಾದ ಗಿಡ್ಡಗಾಲಿನ ಜಪಾನಿ ಬ್ಯಾಂಟಮ್ ಕೋಳಿಗಳ ಜೋಡಿ ಕಟ್ಟಿದರೆ ಕಾವಿಟ್ಟ ಮೊಟ್ಟೆಗಳಲ್ಲಿ ಸುಮಾರು ಕಾಲುಭಾಗ ಮರಿಯಾಗುವುದಿಲ್ಲ. ಗಿಡ್ಡಗಾಲಿನ ಜೀನ್ ಒಂದು ಪ್ರತಿ ಬಂದರೆ ಗಿಡ್ಡಗಾಲು, ಎರಡು ಪ್ರತಿ ಬಂದರೆ ಮೊಟ್ಟೆಯೊಳಗೇ ಸಾವು.

ಕೊನೆಗೆ, ಊನವೆಂದು ತೋರಿದರೂ ಊನವಲ್ಲದ ಕೆಲವು. ಒಂದು ದಿನದ ಮರಿಗಳಲ್ಲಿ ಕೆಲವಕ್ಕೆ ರೆಕ್ಕೆಯ ಗರಿ ಉದ್ದ, ಕೆಲವಕ್ಕೆ ಗಿಡ್ಡ. ಅದಕ್ಕೆಂದೇ ರೂಪಿಸಿದ ತಳಿಗಳಲ್ಲಿ ಹೆಣ್ಣು ಗಂಡು ಬೇರ್ಪಡಿಸುವುದೇ ಈ ಗುರುತಿನಿಂದ, ಗರಿ ಬೇಗ ಬೆಳೆದದ್ದು ಹೆಣ್ಣು. ಕೆಲವು ಮರಿಗಳ ರೆಕ್ಕೆಯ ಹೆಬ್ಬೆರಳಿನಲ್ಲಿ ಪುಟ್ಟ ಉಗುರು ಇರುತ್ತದೆ, ಕತ್ತರಿಸಬೇಡಿ. ಕಡಕ್‌ನಾಥ್ ಮರಿಯ ಕಾಲು ಕಪ್ಪಗಿರುವುದು ಕೊಳೆತು ಅಲ್ಲ, ಅದರ ಬಣ್ಣವೇ ಅದು. ಸಿಲ್ಕಿ ಮತ್ತು ಡಾರ್ಕಿಂಗ್ ತಳಿಗಳಿಗೆ ಕಾಲಿಗೆ ನಾಲ್ಕಲ್ಲ, ಐದು ಬೆರಳು. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲ ಕೋಳಿ ಕೊಳ್ಳುವವರಿಗೆ ಐದು ಬೆರಳಿನವೇ ಉತ್ತಮ ಜಾತಿಯವೆಂದು ಬರೆದಿಟ್ಟಿದ್ದಾನೆ.